ಹಾಲು ಒಡೆದ ಮೇಲಿನ ಒಪ್ಪಿಗೆ

ನನಗೆ ಸಕ್ಕರೆ ಕಾಯಿಲೆ ಬಂದದ್ದಕ್ಕೆ ಸರ್ಕಾರವೇ ಹೊಣೆ ಎಂದು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಮದುವೆ ಮಾಡಿಸುವುದು ನನ್ನ ಕೆಲಸ. ಮಂತ್ರ ಹೇಳಿ ಅಲ್ಲ, ಸಹಿ ಹಾಕಿ. ನಮ್ಮೂರಿನ ವಿವಾಹ ನೋಂದಣಿ ಕಚೇರಿಗೆ ನಾನು ರಿಜಿಸ್ಟ್ರಾರ್. ಹೆಸರು ವನಮಾಲಾ, ಆದರೆ ಆ ಹೆಸರು ನನ್ನ ಗಂಡನಿಗೇ ಮರೆತುಹೋದಂತಿದೆ. ಊರಿಗೆಲ್ಲ ನಾನು ರಿಜಿಸ್ಟ್ರಾರಮ್ಮ. ಪ್ರತಿ ಮದುವೆಯಲ್ಲೂ ನಾನು ಒಂದು ಚಮಚ ಸಿಹಿ ತಿನ್ನಲೇಬೇಕು, ತಿನ್ನದೆ ಸಹಿ ಹಾಕಿದರೆ ಆ ಮದುವೆ ಊರ್ಜಿತವಲ್ಲ. ಲಗ್ನದ ತಿಂಗಳುಗಳಲ್ಲಿ ನನ್ನ ಗತಿ ಏನಾಗಬೇಕು, ನೀವೇ ಹೇಳಿ. ಡಾಕ್ಟರು "ಬಿಟ್ಟುಬಿಡಿ" ಎನ್ನುತ್ತಾರೆ. ಸಿಹಿ ಬಿಡಲೋ ನೌಕರಿ ಬಿಡಲೋ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅವರ ಮದುವೆಗೆ ಸಹಿ ಹಾಕಿದವಳೂ ನಾನೇ ನೋಡಿ.

ನಮ್ಮೂರಿನಲ್ಲಿ ಜಗಳವಾದರೆ ಹಾಲು ಒಡೆಯುತ್ತದೆ. ಸಣ್ಣ ಜಗಳಕ್ಕೆ ಎದುರಿಗಿರುವ ಲೋಟದ್ದು, ದೊಡ್ಡದಕ್ಕೆ ಅಡುಗೆಮನೆಯದ್ದು, ಅಣ್ಣತಮ್ಮಂದಿರು ಪಾಲಿಗೆ ನಿಂತರಂತೂ ಇಡೀ ಬೀದಿಯದ್ದು. ಇದರಲ್ಲಿ ಬೆರಗಾಗುವಂಥದ್ದು ನಮಗೇನೂ ಕಾಣುವುದಿಲ್ಲ. ಅತ್ತೆ ಸೊಸೆ ಒಂದೇ ಸೂರಿನಡಿ ಇರುವವರು ಹಾಲನ್ನು ಪಕ್ಕದ ಮನೆಯಲ್ಲಿಟ್ಟಿರುತ್ತಾರೆ. ಪುರಸಭೆಯಲ್ಲಿ ಮೀಟಿಂಗ್ ಇರುವ ದಿನ ಆ ರಸ್ತೆಯ ಹೋಟೆಲುಗಳು ಬೆಳಿಗ್ಗೆಯೇ "ಇಂದು ಕಪ್ಪು ಕಾಫಿ ಮಾತ್ರ" ಎಂದು ಬೋರ್ಡು ತೂಗುಹಾಕುತ್ತವೆ. ಚುನಾವಣೆ ಬಂದರೆ ಒಡೆದ ಹಾಲಿನ ಕಲಾಕಂದ್ ಅಗ್ಗವಾಗುತ್ತದೆ. ಹೆಣ್ಣು ನೋಡಲು ಹೋದವರು ಕಾಫಿ ಕುಡಿಯುತ್ತಾ "ಹಾಲು ಮನೇದೋ, ತರಿಸಿದ್ದೋ?" ಎಂದು ಕೇಳುತ್ತಾರೆ, ಮನೆಯವರು ಕೇಳಿಸಲಿಲ್ಲವೆಂಬಂತೆ ಉಪ್ಪಿಟ್ಟು ಬಡಿಸುತ್ತಾರೆ. ಆದರೆ ಒಂದು. ಬರೀ ಗಂಟಲು ಹರಿದುಕೊಂಡರೆ ಹಾಲು ಒಡೆಯುವುದಿಲ್ಲ. ಮುನಿಸಿಕೊಂಡು ಮೂಲೆ ಹಿಡಿದರೂ ಒಡೆಯುವುದಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡದ್ದು ಬಾಯಿಗೆ ಬರಬೇಕು, ಎದುರಿಗಿರುವವರಿಗೆ ಅದು ತಾಗಬೇಕು. ಆಗ ಒಡೆಯುತ್ತದೆ.

ಹಾಗಾಗಿ ಹಿಂದಿನವರು ಯಾರೋ ಪುಣ್ಯಾತ್ಮರು ಕಾನೂನು ಮಾಡಿಟ್ಟಿದ್ದಾರೆ: ರಿಜಿಸ್ಟ್ರಾರರ ಎದುರು ಹಾಲು ಒಡೆಯದೆ ಮದುವೆಯಿಲ್ಲ. ಮೇಜಿನ ಮೇಲೆ ಗಾಜಿನ ಲೋಟದಲ್ಲಿ ಹಾಲು ಇಡುತ್ತೇವೆ. ಗಂಡು ಹೆಣ್ಣು ಎದುರುಬದುರು ಕೂತು ಜಗಳವಾಡಬೇಕು. ನಾನು ನೋಡುತ್ತಾ ಕೂರಬೇಕು. ಕೆಣಕಬಾರದು, ಯಾರ ಪಕ್ಷವನ್ನೂ ವಹಿಸಬಾರದು, ನಗಬಾರದು. ಹಾಲಿಗೆ ಹುಳಿ ಹಿಂಡುವ ಹಕ್ಕು ಊರಿನಲ್ಲಿ ಎಲ್ಲರಿಗೂ ಉಂಟು, ರಿಜಿಸ್ಟ್ರಾರಿಗೆ ಮಾತ್ರ ಇಲ್ಲ. ಹಾಲು ಒಡೆದಾಗ ನಾನು "ಹಾಲು ಒಡೆಯಿತು" ಎನ್ನುತ್ತೇನೆ, ಸಾಕ್ಷಿಗಳು "ನೋಡಿದೆವು" ಎನ್ನುತ್ತಾರೆ. ಆಮೇಲೆ ನಾನು ಇಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: "ಹಾಲು ಒಡೆದ ಮೇಲೂ ಇವರೇ ಬೇಕಾ?" ಇಬ್ಬರೂ ಬೇಕು ಎಂದರೆ, ಆ ಒಡೆದ ಹಾಲಿಗೆ ಅವರೇ ಸಕ್ಕರೆ ಹಾಕಿ ಕಚೇರಿಯ ಸ್ಟವ್ ಮೇಲೆ ಕಾಯಿಸುತ್ತಾರೆ, ನಾನು ರುಚಿ ನೋಡಿ ಸಹಿ ಹಾಕುತ್ತೇನೆ. ಇಷ್ಟೇ ನನ್ನ ಉದ್ಯೋಗ. ಸಂಬಳ ಕಡಿಮೆ, ಮನರಂಜನೆ ಧಾರಾಳ.

ಮದುವೆಯಾಗಲು ಬಂದವರಿಗೆ ಜಗಳಕ್ಕೆ ಬರವೇ? ಹೆಚ್ಚಿನವರು ಕಚೇರಿಯ ಮೆಟ್ಟಿಲ ಮೇಲೆಯೇ, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದಕ್ಕೇ ಶುರುಮಾಡಿರುತ್ತಾರೆ. ಒಂದು ಜೋಡಿ ಮಾತ್ರ ನಾಟಕದವರ ಹಾಗೆ ಸಂಭಾಷಣೆ ಬರೆದುಕೊಂಡು, ಬಾಯಿಪಾಠ ಮಾಡಿಕೊಂಡು ಬಂದಿತ್ತು. ಹುಡುಗಿ ಎದೆ ಬಡಿದುಕೊಂಡಳು, ಹುಡುಗ ಮೇಜು ಗುದ್ದಿದ. ಹಾಲು ತಣ್ಣಗೆ ಕೂತಿತ್ತು. ಪಾಪ, ಎದ್ದು ಹೊರಟರು. ಬಾಗಿಲ ಹತ್ತಿರ ಹುಡುಗ ಮೆಲ್ಲಗೆ "ನಿಂಗೆ ಒಂದು ಮಾತೂ ನೆಟ್ಟಗೆ ಹೇಳಕ್ ಬರಲ್ಲ" ಎಂದ ನೋಡಿ, ಲೋಟದಲ್ಲಿ ಹಾಲು ಚೂರುಚೂರು. ವಾಪಸ್ಸು ಕರೆದು ಮದುವೆ ಮಾಡಿಸಿ ಕಳಿಸಿದೆ. ಈಗ ಮೂರು ಮಕ್ಕಳು.

ಹಾಗೆ ನಿಶ್ಚಿಂತೆಯಿಂದಿದ್ದ ನನ್ನ ಕುರ್ಚಿಯ ಎದುರು ಬಂದು ಕೂತವರು ನಳಿನಾ ಮತ್ತು ಚೆಲುವಯ್ಯ.

ನಳಿನಾ ಬಸ್ ಕಂಡಕ್ಟರು. ಕೆರೆಯಾಚೆಯ ಹಟ್ಟಿಗಳಿಂದ ನಮ್ಮೂರಿಗೆ ಬರುವ ಬಸ್ಸಿನಲ್ಲಿ. ಬಸ್ಸೆಂದರೆ ನಿಮಗೆ ಗೊತ್ತಲ್ಲ, ಚಿಲ್ಲರೆಗೆ ಜಗಳ, ಕಿಟಕಿಗೆ ಜಗಳ, ಕಾಲು ತುಳಿದದ್ದಕ್ಕೆ ಜಗಳ. ಆ ಕಡೆಯ ಹಾಲಿನವರಿಗೆ ಕ್ಯಾನು ಹೊತ್ತುಕೊಂಡು ಬಸ್ಸು ಹತ್ತುವುದೆಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ. ಕ್ಯಾನು ತುಂಬ ಹಾಲು ಹತ್ತಿಸಿ ಕ್ಯಾನು ತುಂಬ ಒಡೆದ ಗಷ್ಟು ಇಳಿಸಿಕೊಂಡವರು ಎಷ್ಟೋ ಮಂದಿ. ನಳಿನಾಳ ಬಸ್ಸಿನಲ್ಲಿ ಮಾತ್ರ ಹಾಲು ಹಾಲಾಗಿಯೇ ಇಳಿಯುತ್ತಿತ್ತು. ಚಿಲ್ಲರೆ ಇಲ್ಲ ಅಂದವರಿಗೆ ಇಳಿಯುವಾಗ ಕೊಡಿ ಎನ್ನುವಳು, ಇಳಿಯುವಾಗಲೂ ಕೊಡದವರಿಗೆ ನಾಳೆ ಕೊಡಿ ಎನ್ನುವಳು. ಇಬ್ಬರು ಪ್ರಯಾಣಿಕರು ತೋಳೇರಿಸಿದರೆ ನಡುವೆ ಹೋಗಿ ನಿಂತು ಇಬ್ಬರ ಮಕ್ಕಳ ಯೋಗಕ್ಷೇಮ ಕೇಳುವಳು. ಜನ ಅದನ್ನು ಹಾಲಿನ ಬಸ್ಸು ಎಂದೇ ಕರೆಯುತ್ತಿದ್ದರು.

ಚೆಲುವಯ್ಯ ಆ ಬಸ್ಸಿನಲ್ಲಿ ಹಾಲು ತರುತ್ತಿದ್ದವರಲ್ಲಿ ಒಬ್ಬ. ನಲವತ್ತರ ಹತ್ತಿರ ಬಂದಿದ್ದ, ಮದುವೆಯ ಮಾತು ಎತ್ತಿದವರು ಸುಸ್ತಾಗಿ ಬಿಟ್ಟಿದ್ದರು. ಹಾಲಿನ ವ್ಯಾಪಾರದವನಿಗೆ ಜಗಳ ದೂರವಿದ್ದಷ್ಟೂ ಹೊಟ್ಟೆ ತಣ್ಣಗೆ. ಯಾರು ಏನೆಂದರೂ "ಆಯ್ತು ಬಿಡಿ", ಕಾಲು ತುಳಿದರೆ ತುಳಿದವರಿಗೇ "ತಪ್ಪಾಯ್ತು". ಇಂಥ ಗಂಡಿಗೆ ಇಂಥ ಹೆಣ್ಣು. ಇಬ್ಬರೂ ಬಸ್ಸಿನಲ್ಲಿ ನೋಡಿ ನೋಡಿ, ಮೂರು ಮಾತಾಡಿ, ಮದುವೆಯಾಗೋಣ ಎಂದು ತೀರ್ಮಾನಿಸಿ, ನೋಟಿಸು ಕೊಟ್ಟು ನನ್ನೆದುರು ಬಂದು ಕೂತರು. ಸಾಕ್ಷಿಗೆ ಅವಳ ಬಸ್ಸಿನ ಡ್ರೈವರು, ಅವನ ಅಕ್ಕ. ಎದುರಿನ ಕಾಸಿಮಣ್ಣನ ಚಾ ಅಂಗಡಿಯಿಂದ ಹಾಲಿನ ಲೋಟ ಬಂತು.

"ಶುರು ಮಾಡಿ," ಎಂದೆ.

"ನೀವೇ ಮೊದಲು ಹೇಳಿ," ಎಂದ ಚೆಲುವಯ್ಯ.

"ಇಲ್ಲಪ್ಪ, ನೀವು ಹೇಳಿ," ಎಂದಳು ನಳಿನಾ.

"ಹೆಂಗಸರು ಮೊದಲು ಹೇಳೋದು ಚೆಂದ."

"ವಯಸ್ಸಲ್ಲಿ ದೊಡ್ಡೋರು ನೀವಲ್ವಾ?"

ಬೇರೆಯವರಾಗಿದ್ದರೆ ಇಷ್ಟರಲ್ಲೇ ಹಾಲು ಒಡೆಯುತ್ತಿತ್ತು. ಇವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾ ಕೂತರು. ಕೊನೆಗೆ ಚೆಲುವಯ್ಯ ಧೈರ್ಯ ಮಾಡಿ, "ನಿಮ್ ಬಸ್ಸು ಒಂದೊಂದಿನ ತಡವಾಗಿ ಬರ್ತದೆ," ಎಂದ.

"ಹೌದು, ಅದು ನಮ್ದೇ ತಪ್ಪು," ಎಂದಳು ಅವಳು.

"ಅಯ್ಯೋ, ನಿಮ್ ತಪ್ಪೇನೂ ಇಲ್ಲ ಬಿಡಿ. ರಸ್ತೇನೇ ಸರಿಯಿಲ್ಲ."

ಅವನ ಅಕ್ಕ ಹಣೆ ಚಚ್ಚಿಕೊಂಡಳು. ಹಾಲು ಆರಿ ಕೆನೆ ಕಟ್ಟಿತು. ಸಂಜೆ ಕಾಸಿಮಣ್ಣ ಬಂದು ಅದೇ ಹಾಲನ್ನು ಎತ್ತಿಕೊಂಡು ಹೋಗಿ ಚಹಾ ಮಾಡಿ ನಮಗೇ ಕೊಟ್ಟ. ಮದುವೆಗೆ ಇಟ್ಟ ಹಾಲಿನ ಚಹಾವನ್ನು ನಾನು ನನ್ನ ಸರ್ವೀಸಿನಲ್ಲೇ ಕುಡಿದವಳಲ್ಲ. ಬಹಳ ಚೆನ್ನಾಗಿತ್ತು, ಅದೇ ನನಗೆ ಸಂಕಟ.

ಇನ್ನೊಂದು ಸಲ ಬಂದರು. ಊರೆಲ್ಲ ಸಲಹೆ ಕೊಟ್ಟು ಕಳಿಸಿತ್ತು. ಚಿನ್ನದ ವಿಷಯ ತೆಗೆಯಿರಿ ಎಂದು ಒಬ್ಬರು, ತವರಿನ ವಿಷಯ ತೆಗೆದರೆ ಗ್ಯಾರಂಟಿ ಎಂದು ಇನ್ನೊಬ್ಬರು. ಚಿನ್ನದ ವಿಷಯಕ್ಕೆ ಅವಳು ನನಗೆ ಬೇಡ ಎಂದಳು, ಅವನು ನನ್ನ ಹತ್ತಿರ ಇಲ್ಲ ಎಂದ, ಅಲ್ಲಿಗೆ ಮುಗಿಯಿತು. ತವರಿನ ವಿಷಯ ತೆಗೆದಾಗ ಮಾತ್ರ ನಳಿನಾಳ ಮುಖ ಬಿಳುಚಿಕೊಂಡಿತು, ಚೆಲುವಯ್ಯ ಅದನ್ನು ನೋಡಿ ತಟ್ಟನೆ "ಮಳೆ ಬರೋ ಹಾಗಿದೆ" ಎಂದ. ಅವತ್ತೂ ನಾನು ಒಳ್ಳೆಯ ಚಹಾ ಕುಡಿದೆ.

ಎಲ್ಲರೂ ಹೊರಟ ಮೇಲೆ ನಳಿನಾ ಒಬ್ಬಳೇ ಹಿಂದೆ ಉಳಿದಳು. ಬ್ಯಾಗಿನ ಪಟ್ಟಿ ತಿರುವುತ್ತಾ ನಿಂತಿದ್ದಳು.

"ಏನಮ್ಮ?" ಎಂದೆ.

"ಮೇಡಂ, ಜಗಳ ಆಡದೇ ಇರೋರಿಗೆ ಬೇರೆ ದಾರಿ ಏನೂ ಇಲ್ವಾ?"

"ಇದೆ. ಮದುವೆ ಆಗದೇ ಇರೋದು."

ನನ್ನ ನಾಲಿಗೆಗೆ ಮೂಳೆಯಿಲ್ಲ. ಆದರೆ ಅವಳು ನೊಂದುಕೊಳ್ಳಲಿಲ್ಲ, ಬೆಂಚಿನ ಮೇಲೆ ಕೂತು ಹೇಳಿದಳು. "ನಮ್ಮನೇಲಿ ಹಾಲು ಅನ್ನೋದು ನಿಲ್ತಾನೇ ಇರ್ಲಿಲ್ಲ ಮೇಡಂ. ಬೆಳಿಗ್ಗೆ ತಂದದ್ದು ಬೆಳಿಗ್ಗೇನೇ ಹೋಗೋದು. ಅಪ್ಪ ಒಂದಂದ್ರೆ ಅಮ್ಮ ಎರಡು. ನಮ್ಮಿಂದ ಅಕ್ಕಪಕ್ಕದೋರ ಹಾಲೂ ಹಾಳು, ಅದಕ್ಕೇ ಮೂರು ಸಲ ಬಾಡಿಗೆ ಮನೆ ಬಿಡಿಸಿದ್ರು. ನಾನು ಬುದ್ಧಿ ಬಂದಾಗಿಂದ ಕುಡಿದಿದ್ದು ಕಪ್ಪು ಕಾಫಿ. ಈಗ್ಲೂ ಅದೇ. ನನ್ನ ಮನೆ ಅಂತ ಒಂದಾದ್ರೆ ಅಲ್ಲಿ ಹಾಲು ಒಡೀಬಾರದು ಅಂತ ಚಿಕ್ಕೋಳಿದ್ದಾಗ್ಲೇ ಅಂದ್ಕೊಂಡಿದ್ದೆ. ಚೆಲುವಯ್ಯನೋರ ಕ್ಯಾನಲ್ಲಿ ಸಾಯಂಕಾಲದವರೆಗೂ ಹಾಲು ಹಂಗೇ ಇರೋದನ್ನ ನೋಡಿನೇ ನನಗೆ..." ಎಂದು ನಿಲ್ಲಿಸಿ ಕೆಂಪಾದಳು. ಕೆಲವರು ಕಣ್ಣು ನೋಡಿ ಮೆಚ್ಚುತ್ತಾರೆ, ಕೆಲವರು ನೌಕರಿ ನೋಡಿ. ಇವಳು ಕ್ಯಾನು ನೋಡಿ ಮೆಚ್ಚಿದ್ದಾಳೆ.

"ಇನ್ನು ಒಂದೇ ಸಲ," ಎಂದಳು ಎದ್ದು. "ನೋಟಿಸಿನ ಕೊನೇ ದಿನ ಬರ್ತೀವಿ. ಅವತ್ತೂ ಆಗ್ಲಿಲ್ಲ ಅಂದ್ರೆ ಮತ್ತೆ ನೋಟಿಸು ಹಾಕೋದಿಲ್ಲ ಮೇಡಂ. ಅವರಿಗೂ ಹೇಳಿದೀನಿ. ಅವರು ಆಯ್ತು ಬಿಡಿ ಅಂದ್ರು."

ಆ "ಆಯ್ತು ಬಿಡಿ" ಕೇಳಿ ನನಗೆ ಮೈಯೆಲ್ಲ ಉರಿಯಿತು. ಒಂದು ಮಾತು ಹೇಳಿ ಕಿಡಿ ಹೊತ್ತಿಸಬಹುದಿತ್ತು, ಹೊತ್ತಿಸುವ ಕಲೆ ನನಗೆ ಹುಟ್ಟಿನಿಂದಲೇ ಬಂದದ್ದು, ನನ್ನ ನಾದಿನಿಯರನ್ನು ಕೇಳಿ. ಆದರೆ ಕಾನೂನು ನನ್ನ ಬಾಯಿ ಹೊಲಿದಿತ್ತು. ಮನೆಗೆ ಹೋಗಿ ಗಂಡನ ಮೇಲೆ ಹಾರಾಡಿದೆ. ಅವರು ಮಾತಿಗೆ ಮಾತು ಕೊಟ್ಟರು. ರಾತ್ರಿ ಊಟಕ್ಕೆ ಕಲಾಕಂದ್ ಆಯಿತು.

ಕೊನೆಯ ದಿನ ನಾನು ಬೇರೆ ಮದುವೆ ಇಟ್ಟುಕೊಳ್ಳಲಿಲ್ಲ. ಮಧ್ಯಾಹ್ನ ಕಳೆದ ಮೇಲೆ ಬಂದರು. ಅವಳು ತಿಳಿ ಹಸಿರು ಸೀರೆ ಉಟ್ಟಿದ್ದಳು. ಅವನು ಸಂಜೆಯ ಹಾಲನ್ನು ಸೈಕಲ್ಲಿಗೆ ಕಟ್ಟಿಕೊಂಡೇ ಬಂದಿದ್ದ; ಮದುವೆಯಾದರೂ ಆಗದಿದ್ದರೂ ಜನಕ್ಕೆ ಹಾಲು ಹಾಕಬೇಕಲ್ಲ. ಕ್ಯಾನುಗಳಿದ್ದ ಸೈಕಲ್ಲನ್ನು ಕಾಸಿಮಣ್ಣನ ಅಂಗಡಿ ಮುಂದೆ ನಿಲ್ಲಿಸಿ, ಹಾಲಿನ ಲೋಟವನ್ನು ಅವತ್ತು ತಾನೇ ಹಿಡಿದುಕೊಂಡು ಬಂದು ಮೇಜಿನ ಮೇಲಿಟ್ಟ. ಬಲಗೈ ಮುಷ್ಟಿ ಬಿಗಿದಿತ್ತು. ಪಾಪ ಎಂದುಕೊಂಡೆ.

"ಶುರು ಮಾಡಿ," ಎಂದೆ. ಡ್ರೈವರು ಆಕಳಿಸಿದ. ಗೋಡೆಯ ಮೇಲೆ ಬಿಸಿಲು ಇಳಿಯುತ್ತಾ ಬಂತು. ಇನ್ನೇನು ಕಚೇರಿ ಮುಚ್ಚುವ ಹೊತ್ತು ಹತ್ತಿರವಾಯಿತು ಎನ್ನುವಾಗ ಚೆಲುವಯ್ಯ ಧಡಕ್ಕನೆ ಎದ್ದುನಿಂತ. ಮೇಜಿನ ಮೇಲೆ ಬಗ್ಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ನಿಮಗೆ... ನಿಮಗೆ ಬುದ್ಧಿ ಇಲ್ಲ!" ಎಂದು ಕಿರುಚಿದ.

ನಾವೆಲ್ಲ ಬೆಚ್ಚಿಬಿದ್ದು ಅವನ ಮುಖ ನೋಡಿದೆವು. ಆಮೇಲೆ ಲೋಟ ನೋಡಿದೆವು. ಹಾಲು ಒಡೆದಿತ್ತು.

"ಒಡೀತು!" ಎಂದು ಅವನ ಅಕ್ಕ ಚಪ್ಪಾಳೆ ತಟ್ಟಿದಳು. ಡ್ರೈವರು ಶಿಳ್ಳೆ ಹಾಕಿದ. ನನಗೆ ಎಷ್ಟು ಸಂತೋಷವಾಯಿತೆಂದರೆ, "ಹಾಲು ಒಡೆಯಿತು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತ ನಾನು ಒಂದು ಕ್ಷಣವೂ ಲೋಟದ ಹತ್ತಿರ ಮೂಗು ತರಲಿಲ್ಲ. ತಂದವಳು ನಳಿನಾ. ಬಗ್ಗಿ ನೋಡಿದಳು. ಬಾಲ್ಯವಿಡೀ ಒಡೆದ ಹಾಲನ್ನೇ ನೋಡಿ ಬೆಳೆದವಳು.

"ಇದು ಜಗಳದ್ದಲ್ಲ ಮೇಡಂ," ಎಂದಳು. "ನಿಂಬೆಹಣ್ಣಿಂದು."

ಚೆಲುವಯ್ಯನ ಬಲಗೈ ಮುಷ್ಟಿ ಬಿಗಿದೇ ಇತ್ತು. ನಾವೆಲ್ಲ ಅದನ್ನೇ ನೋಡಿದಾಗ ನಿಧಾನವಾಗಿ ಬಿಚ್ಚಿದ. ಹಿಂಡಿದ ಅರ್ಧ ಹೋಳು. ಕಾಸಿಮಣ್ಣನ ಅಂಗಡಿಯದು. ನಮ್ಮ ಕಾನೂನಿನಲ್ಲಿ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ, ನೋಟಿಸು ಅಲ್ಲಿಂದಲೇ ರದ್ದು. ಇವಳಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದುಕೊಂಡೆ.

"ನೀವೇ ಹಾಕಿದ್ದಾ?" ನಳಿನಾ ಕೇಳಿದಳು.

"ಹೂಂ. ತಪ್ಪಾಯ್ತು."

"ಯಾಕೆ?"

"ನಿಮಗೆ ಜಗಳ ಅಂದ್ರೆ ಭಯ ಅಲ್ವಾ. ನಿಮಗ್ಯಾಕೆ ಸುಮ್ನೆ ಕಷ್ಟ ಅಂತ."

"ನನಗೆ ಕಷ್ಟ ಅಂತ ನೀವೇ ತೀರ್ಮಾನ ಮಾಡಿದ್ರಾ? ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ತಪ್ಪಾಯ್ತು ಅಂದ್ನಲ್ಲ."

"ತಪ್ಪಾಯ್ತು ಅನ್ಬೇಡಿ!" ಅವಳ ದನಿ ಮೊದಲ ಸಲ ಮೇಲೇರಿತು, ಏರಿದ್ದಕ್ಕೆ ಅವಳೇ ಬೆದರಿದಳು, ಆದರೂ ನಿಲ್ಲಿಸಲಿಲ್ಲ. "ಎಲ್ಲದಕ್ಕೂ ತಪ್ಪಾಯ್ತು, ಎಲ್ಲದಕ್ಕೂ ಆಯ್ತು ಬಿಡಿ. ಇವತ್ತು ಆಗ್ಲಿಲ್ಲ ಅಂದ್ರೆ ಮದುವೇನೇ ಬೇಡ ಅಂದೆ, ಅದಕ್ಕೂ ಆಯ್ತು ಬಿಡಿ! ಹಂಗಂದ್ರೇನು ಅರ್ಥ? ನಾನು ಬೇಕೋ ಬೇಡ್ವೋ ನಿನಗೆ?"

ನಿನಗೆ. ಆ ಮಾತು ಕೇಳಿ ಚೆಲುವಯ್ಯ ನಿಂತಲ್ಲಿಂದ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಅವನ ಮುಖವೂ ಕೆಂಪಾಯಿತು.

"ಬೇಡದೇ ಇದ್ರೆ ಎರಡು ವರ್ಷ ನಿನ್ನ ಬಸ್ಸಲ್ಲಿ ನಿಂತ್ಕೊಂಡು ಬರ್ತಿದ್ನಾ? ಸೀಟು ಖಾಲಿ ಇದ್ರೂ ನಿನ್ನ ಹತ್ರ ನಿಂತ್ಕೊಂಡೇ ಬಂದೆ. ಕಾಲು ಊದಿತ್ತು. ಒಂದಿನ ಕೂತ್ಕೊಳ್ಳಿ ಅಂದ್ಯಾ?"

"ನಿನ್ ಕಾಲು, ನಿನ್ ಸೀಟು. ಕೂತ್ಕೋ ಅಂತ ಕಂಡಕ್ಟರು ಹೇಳ್ಬೇಕಾ?"

"ದಿನಾ ನಿನ್ನ ಬಾಗಿಲಿಗೆ ಹಾಲು ಇಟ್ಟು ಹೋಗ್ತಿದ್ದೆ. ಗಟ್ಟಿ ಹಾಲು, ಮೊದಲ ಕರಾವಿಂದು. ಚೆನ್ನಾಗಿದೆ ಅಂತ ಒಂದು ಮಾತು ಆಡಿದ್ಯಾ?"

"ನನಗೆ ಹಾಲು ಸೇರಲ್ಲ!" ಎಂದು ನಳಿನಾ ಕೂಗಿದಳು. "ಹಾಲು ಬೇಕಾ ಅಂತ ಯಾವತ್ತಾದ್ರೂ ಕೇಳಿದ್ಯಾ ನೀನು? ಅಷ್ಟೂ ಹಾಲು ಬೆಕ್ಕಿಗೆ ಹಾಕ್ತಿದ್ದೆ!"

"ಬೆಕ್ಕಿಗಾ?" ಚೆಲುವಯ್ಯನ ಬಾಯಿ ತೆರೆದೇ ಉಳಿಯಿತು. "ನನ್ನ ಹಾಲು ಬೆಕ್ಕಿಗೆ ಹಾಕ್ತಿದ್ಯಾ?"

ಆ ದನಿಯಲ್ಲಿ ಅದೆಂಥ ನೋವಿತ್ತೋ ನಾನು ಹೇಳಲಾರೆ. ಹಾಲಿನವನಿಗೆ ಅದು ಬೆನ್ನಿಗೆ ಚೂರಿ ಹಾಕಿದ ಹಾಗೆ. ಅಷ್ಟರಲ್ಲಿ ರಸ್ತೆಯಾಚೆಯಿಂದ "ಅಯ್ಯಯ್ಯೋ, ನನ್ ಹಾಲೂ!" ಎಂದು ಕಾಸಿಮಣ್ಣನ ಬೊಬ್ಬೆ ಕೇಳಿಸಿತು. ಹಿಂದೆಯೇ ಪಕ್ಕದ ಹೋಟೆಲಿನವರದು. ಆಮೇಲೆ ಮೂಲೆಮನೆಯ ಅಜ್ಜಿಯದು. ಡ್ರೈವರು ಕಿಟಕಿಗೆ ಓಡಿ, "ಚೆಲುವಣ್ಣ, ನಿನ್ ಕ್ಯಾನೂ ಹೋಯ್ತು, ಪೂರ್ತಿ!" ಎಂದ. ಚೆಲುವಯ್ಯ ತಿರುಗಿಯೂ ನೋಡಲಿಲ್ಲ. ಕಚೇರಿ ಮುಚ್ಚಲು ಇನ್ನೂ ಸ್ವಲ್ಪ ಹೊತ್ತಿತ್ತು. ಈ ಮೊದಲು ಲೋಟಕ್ಕೆ ಬಿದ್ದ ನಿಂಬೆಹಣ್ಣಿನ ವಿಷಯ ನನಗೆ ಆ ಗಳಿಗೆಯಲ್ಲಿ ಮರೆತೇಹೋಯಿತು, ವಯಸ್ಸಾಯಿತು ನೋಡಿ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಹೇಳಿದೆ, "ಹಾಲು ಒಡೆಯಿತು."

"ನೋಡಿದೆವು," ಎಂದರು ಸಾಕ್ಷಿಗಳು. ರಸ್ತೆಯಲ್ಲಿ ಜಮಾಯಿಸಿದ್ದವರೂ ಸೇರಿ ಹೇಳಿದರು.

"ಚೆಲುವಯ್ಯನವರೇ, ಹಾಲು ಒಡೆದ ಮೇಲೂ ಇವರೇ ಬೇಕಾ?"

ಅವನು ಮುಖ ಊದಿಸಿಕೊಂಡಿದ್ದ. "ಬೆಕ್ಕಿಗೆ," ಎಂದು ಗೊಣಗಿದ. ಮತ್ತೆ ಸ್ವಲ್ಪ ತಡೆದು, "ಬೇಕು," ಎಂದ.

"ನಳಿನಾ ಅವರೇ?"

ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎರಡು ಕೈಗಳನ್ನೂ ತೊಡೆಯ ನಡುವೆ ಸಿಕ್ಕಿಸಿಕೊಂಡಿದ್ದಳು. ಯಾವುದಕ್ಕೆ ಜೀವಮಾನವೆಲ್ಲ ಹೆದರಿದ್ದಳೋ ಅದು ಅವಳ ಬಾಯಿಂದಲೇ ಆಗಿಹೋಗಿತ್ತು. ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದಳು, "ಇದಾದ್ಮೇಲೆ ಏನ್ಮಾಡ್ತಾರೆ ಮೇಡಂ?"

"ಒಪ್ಪಿಗೆ ಹೇಳ್ಬೇಕು. ಆಮೇಲೆ ಸ್ಟವ್ ಹಚ್ಚಿ..."

"ಅದಲ್ಲ. ಜಗಳ ಆದ್ಮೇಲೆ. ನಮ್ಮನೇಲಿ ಅಪ್ಪ ಅಂಗಿ ಹಾಕ್ಕೊಂಡು ಆಚೆ ಹೋಗ್ತಿದ್ರು. ಅಮ್ಮ ಒಳಗಿಂದ ಚಿಲಕ ಹಾಕ್ಕೊಳ್ಳೋರು. ಅದರಿಂದಾಚೆಗೆ ನಾನು ನೋಡೇ ಇಲ್ಲ."

ಉತ್ತರ ಹೇಳುವ ಹಾಗಿರಲಿಲ್ಲ ನಾನು. ಒಪ್ಪಿಗೆಗೆ ಮೊದಲು ರಿಜಿಸ್ಟ್ರಾರ್ ಬುದ್ಧಿ ಹೇಳಿದರೆ ಅದು ಒಪ್ಪಿಗೆಯೇ ಅಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂಬ ಗಾದೆ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕೂತೆ. ಆಗ ಚೆಲುವಯ್ಯ ತಿರುಗಿದ. ಯಾರಿಗೂ ಏನೂ ಹೇಳದೆ, ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಆಚೆ ಹೋದ.

ನಳಿನಾ ತಲೆ ತಗ್ಗಿಸಿದಳು. ಅವನ ಅಕ್ಕ ಸೆರಗು ಬಾಯಿಗಿಟ್ಟುಕೊಂಡಳು. ನಾನು ಎಷ್ಟೋ ಮದುವೆ ಮಾಡಿಸಿದವಳು, ಮುರಿದದ್ದನ್ನೂ ನೋಡಿದವಳು, ಅವತ್ತಿನಷ್ಟು ಸಂಕಟಪಟ್ಟಿಲ್ಲ. ಅವಳಿಗೊಂದು ಲೋಟ ನೀರು ಕೊಡೋಣವೆಂದು ಎದ್ದೆ.

ಮೆಟ್ಟಿಲ ಮೇಲೆ ಧಡ್ ಧಡ್ ಎಂದು ಸದ್ದಾಯಿತು. ಚೆಲುವಯ್ಯ ದೊಡ್ಡ ಕ್ಯಾನನ್ನು ಎರಡು ಕೈಯಲ್ಲಿ ಎಳೆದುಕೊಂಡು ಮೆಟ್ಟಿಲು ಹತ್ತುತ್ತಿದ್ದ. ಬಾಗಿಲ ಹೊಸ್ತಿಲಿಗೆ ಬಂದು ಏದುಸಿರು ಬಿಡುತ್ತಾ ನಿಂತ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಏನ್ ನೋಡ್ತಾ ಕೂತಿದೀಯ?" ಎಂದ ಅವಳಿಗೆ. "ಈ ಕಡೆ ಹಿಡ್ಕೋ ಬಾ. ಭಾರ ಇದೆ."

ನಳಿನಾ ಅವನನ್ನೇ ನೋಡಿದಳು. ಆಮೇಲೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಕ್ಯಾನಿನ ಇನ್ನೊಂದು ಹಿಡಿ ಹಿಡಿದುಕೊಂಡಳು. ಇಬ್ಬರೂ ಎತ್ತಿ ತಂದು ಸ್ಟವ್ ಪಕ್ಕ ಇಟ್ಟರು. ಕಚೇರಿಯ ಪಾತ್ರೆ ಸಾಲದೆ ಕಾಸಿಮಣ್ಣ ಬಿರಿಯಾನಿ ಮಾಡುವ ಡಬರಿ ಕಳಿಸಿದ. ಒಡೆದ ಹಾಲನ್ನು ಕಾಯಿಸುವುದು ಇಬ್ಬರಿಗೂ ಬರುತ್ತಿರಲಿಲ್ಲ. ಅವನು ಹಾಲು ಒಡೆಯಲು ಬಿಟ್ಟವನೇ ಅಲ್ಲ, ಅವಳು ಒಡೆದದ್ದನ್ನು ಒಲೆಯ ಮೇಲೆ ಕಂಡವಳೇ ಅಲ್ಲ. ರಸ್ತೆಯಿಂದ ಕಾಸಿಮಣ್ಣ "ಉರಿ ಸಣ್ಣ ಮಾಡ್ರೀ, ತಳ ಹಿಡೀತದೆ!" ಎಂದು ಕೂಗುತ್ತಿದ್ದ. ತಳ ಹಿಡಿಯಿತು. ಯಾರಿಂದ ಹಿಡಿಯಿತು ಎಂದು ಇಬ್ಬರಲ್ಲಿ ಮತ್ತೆ ಸಣ್ಣಗೆ ಹತ್ತಿಕೊಂಡಿತು. ಸಕ್ಕರೆ ಅವನು ಹಾಕಿದ, ಕಣ್ಣುಮುಚ್ಚಿ ಸುರಿದ.

ಕಾನೂನಿನ ಪ್ರಕಾರ ಮೊದಲು ನಾನು ರುಚಿ ನೋಡಬೇಕು. ಅವತ್ತು ಚಮಚವನ್ನು ನಳಿನಾಳ ಕೈಗೆ ಕೊಟ್ಟೆ. ಅವಳು ಊದಿ ಊದಿ ಬಾಯಿಗಿಟ್ಟುಕೊಂಡಳು. ನಿಧಾನಕ್ಕೆ ಅಗಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು, ಒರೆಸಿಕೊಳ್ಳಲಿಲ್ಲ.

"ನಮ್ಮನೇಲಿ ಇದನ್ನ ಚರಂಡಿಗೆ ಚೆಲ್ತಿದ್ರು ಮೇಡಂ," ಎಂದಳು. "ದಿನಾ ಚೆಲ್ತಿದ್ರು."

ನನ್ನ ಪ್ರಶ್ನೆ ಇನ್ನೂ ಹಾಗೇ ಉಳಿದಿತ್ತು. ಮತ್ತೆ ಕೇಳಿದೆ, "ಹಾಲು ಒಡೆದ ಮೇಲೂ ಇವರೇ ಬೇಕಾ?"

"ಬೇಕು," ಎಂದಳು. ಇನ್ನೊಂದು ಚಮಚ ತಿಂದು, ಚೆಲುವಯ್ಯನ ಕಡೆ ತಿರುಗಿ ಮುಖ ಕಿವಿಚಿದಳು. "ಸಕ್ಕರೆ ಜಾಸ್ತಿ ಆಯ್ತು. ನಾಳೆ ನಾನು ಹಾಕ್ತೀನಿ."

"ನಾಳೆನೂ ಒಡೀತದಾ?" ಎಂದ ಹಾಲಿನವನು ಗಾಬರಿಯಿಂದ.

"ಒಡೀಲಿ ಬಿಡು," ಎಂದಳು ನಳಿನಾ.